ಒಂದು ಹೊತ್ತು, ಒಂದು ಜಾಗ, ಒಬ್ಬ ಮನುಷ್ಯ

(ಮುಂಬಯಿಯ ಕನ್ನಡ ಬಳಗವೊಂದು ಜನವರಿಯ ಮೊದಲ ಭಾನುವಾರ ಮಾಟುಂಗದಲ್ಲಿ ನಡೆಸಿದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಡಿಸೆಂಬರ್ 31ರ ನಡುರಾತ್ರಿ ಹನ್ನೆರಡಕ್ಕೆ ಈ ಊರಿನ ಬಂದರಿನಲ್ಲಿ ನಿಂತ ಹಡಗುಗಳು ಒಟ್ಟಿಗೆ ಭೋಂಗಾ ಊದುತ್ತವೆ. ಸಿಎಸ್‌ಎಂಟಿ ನಿಲ್ದಾಣದಲ್ಲಿ ನಿಂತಿರುವ ಲೋಕಲ್ ರೈಲುಗಳೂ ಹಾರ್ನ್ ಹಾಕುತ್ತವೆ. ಇಷ್ಟು ದೊಡ್ಡ ಸದ್ದಿನ ನಡುವೆ ಹುಟ್ಟುವ ವರ್ಷಕ್ಕೆ ನಾವೂ ದೊಡ್ಡದೊಂದು ಸಂಕಲ್ಪ ಮಾಡಬೇಕು ಅನ್ನಿಸುವುದು ಸಹಜವೇ. ಹತ್ತು ಕಿಲೋ ತೂಕ ಇಳಿಸುತ್ತೇನೆ, ಸಿಟ್ಟು ಬಿಡುತ್ತೇನೆ, ಎಲ್ಲರಿಗೂ ಒಳ್ಳೆಯದು ಮಾಡುತ್ತೇನೆ. ಇವು ಯಾವುವೂ ಕೆಟ್ಟ ಆಸೆಗಳಲ್ಲ. ಆದರೆ ಇವತ್ತು ನಾನು ಹೇಳಬೇಕೆಂದು ಬಂದಿರುವುದು ಬೇರೆ. ಪಕ್ಕದ ಮನೆಯವರಿಗೂ ಗೊತ್ತಾಗದಷ್ಟು ಸಣ್ಣ ಸಂಕಲ್ಪ ಮತ್ತು ಸದ್ದಿಲ್ಲದ ಒಳ್ಳೆಯತನ, ಈ ಎರಡರ ಬಗ್ಗೆ. ಇವೆರಡನ್ನೂ ಒಟ್ಟಿಗೆ ಹಿಡಿದುಕೊಂಡರೆ ಎರಡೂ ಬಾಳುತ್ತವೆ ಎನ್ನುವುದು ನನ್ನ ನಂಬಿಕೆ.

ಮುಂಬಯಿ ಕನ್ನಡಿಗರಿಗೆ ಹೊಸ ವರ್ಷ ಒಂದೇ ಅಲ್ಲ ನೋಡಿ. ಜನವರಿ ಒಂದು ಆಯಿತು. ಯುಗಾದಿಗೆ ನಾವು ಬೇವು-ಬೆಲ್ಲ ತಿನ್ನುತ್ತೇವೆ, ಅದೇ ದಿನ ಎದುರು ಮನೆಯ ಮರಾಠಿಯವರು ಗುಡಿ ಏರಿಸಿ ಅವರೂ ಬೇವು ತಿನ್ನುತ್ತಾರೆ. ತುಳುನಾಡಿನವರಿಗೆ ಏಪ್ರಿಲ್ ನಡುವಿಗೆ ಬಿಸು ಬರುತ್ತದೆ, ಕಣಿ ಇಡುತ್ತಾರೆ. ಗುಜರಾತಿ ವ್ಯಾಪಾರಿಗಳು ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುತ್ತಾರೆ. ನಾನು ಬ್ಯಾಂಕಿನಲ್ಲಿ ದುಡಿದವಳು. ನಮಗಂತೂ ಮಾರ್ಚ್ 31ರ ಕ್ಲೋಸಿಂಗ್ ಮುಗಿಸಿ ಮನೆಗೆ ಬಂದಾಗಲೇ ವರ್ಷ ತಿರುಗಿತು ಅನ್ನಿಸುತ್ತಿದ್ದದ್ದು. 2014ರಲ್ಲಿ ಅಮೆರಿಕದ ಮೂವರು ಸಂಶೋಧಕರು ಇದನ್ನೇ ಲೆಕ್ಕ ಹಾಕಿ ತೋರಿಸಿದರು. ಹೊಸ ವರ್ಷದಂತೆಯೇ ಹೊಸ ವಾರ, ಹೊಸ ತಿಂಗಳು, ಹುಟ್ಟುಹಬ್ಬದ ಮರುದಿನಗಳಲ್ಲಿಯೂ ಜನ ವ್ಯಾಯಾಮಶಾಲೆಗೆ ಹೆಚ್ಚು ಹೋಗುತ್ತಾರಂತೆ. ಅಂದರೆ ಮನಸ್ಸಿಗೆ ಒಂದು ಗೆರೆ ಬೇಕು, ಇಲ್ಲಿಂದ ಆಚೆ ಹೊಸದು ಅನ್ನಲು. ಆ ಗೆರೆ ಯಾವುದೋ ಸೋಮವಾರವೂ ಆಗಬಹುದು. ಹಾಗಾಗಿ ಒಂದನೇ ತಾರೀಖು ಕಳೆದುಹೋಯಿತಲ್ಲ, ಏನೂ ಶುರು ಮಾಡಲಿಲ್ಲವಲ್ಲ ಎಂದು ಯಾರೂ ಬೇಸರ ಮಾಡಿಕೊಳ್ಳಬೇಡಿ.

ಈಗ ಸಂಕಲ್ಪಕ್ಕೆ ಬರೋಣ. ನಿಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆಯೋ ಗಣಹೋಮವೋ ನಡೆದಾಗ ಪುರೋಹಿತರು ಸಂಕಲ್ಪ ಮಾಡಿಸುವುದನ್ನು ಗಮನವಿಟ್ಟು ಕೇಳಿದ್ದೀರಾ? ಕೈಗೆ ಅಕ್ಷತೆ, ಒಂದಿಷ್ಟು ನೀರು. ಆಮೇಲೆ ಎಷ್ಟು ಉದ್ದದ ವಿಳಾಸ! ಭರತವರ್ಷ, ಭರತಖಂಡ, ಗೋದಾವರಿಯ ದಕ್ಷಿಣ ತೀರ. ನಂತರ ಶಾಲಿವಾಹನ ಶಕೆ, ಸಂವತ್ಸರದ ಹೆಸರು, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ. ನಿಮ್ಮ ಗೋತ್ರ, ನಿಮ್ಮ ಹೆಸರು. ಇಷ್ಟೆಲ್ಲ ಆದ ಮೇಲೆ ಕಡೆಗೆ ಬರುವುದು ಒಂದೇ ಕೆಲಸ: ಈ ದಿನ, ಈ ಪೂಜೆಯನ್ನು ನಾನು ಮಾಡುತ್ತೇನೆ. ಜೀವಮಾನವಿಡೀ ಒಳ್ಳೆಯವನಾಗಿರುತ್ತೇನೆ ಎಂದು ಅಲ್ಲಿ ಯಾರೂ ಹೇಳಿಸುವುದಿಲ್ಲ. ಎಲ್ಲಿ, ಯಾವಾಗ, ಯಾರು, ಏನು ಎಂಬ ನಾಲ್ಕನ್ನೂ ಗಟ್ಟಿ ಮಾಡಿಕೊಂಡೇ ನೀರು ಬಿಡುವುದು. ನಂಬಿಕೆ ಇರುವವರು ಇದನ್ನು ಶಾಸ್ತ್ರ ಎನ್ನಿ, ಇಲ್ಲದವರು ಪದ್ಧತಿ ಎನ್ನಿ. ಕಟ್ಟಿದವರಿಗೆ ಮನುಷ್ಯನ ಮನಸ್ಸು ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಏಕೆಂದರೆ ಮನಶ್ಶಾಸ್ತ್ರ ಹೇಳುವುದೂ ಇದನ್ನೇ. ಪೀಟರ್ ಗೋಲ್ವಿಟ್ಜರ್ ಎಂಬ ಜರ್ಮನ್ ವಿದ್ವಾಂಸರು 1999ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದಿದೆ. ಇಂಥದ್ದು ಮಾಡಬೇಕು ಎಂದು ಬಯಸುವುದಕ್ಕೂ, ಇಂಥ ಹೊತ್ತು ಬಂದಾಗ, ಇಂಥ ಜಾಗದಲ್ಲಿ ನಾನು ಇದನ್ನು ಮಾಡುತ್ತೇನೆ ಎಂದು ಮೊದಲೇ ನಿಶ್ಚಯಿಸಿಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ, ಎರಡನೆಯವರು ಮಾಡಿ ಮುಗಿಸುವುದು ಹೆಚ್ಚು ಎಂದು ಅವರು ತೋರಿಸಿದರು. 'ಈ ವರ್ಷ ದಿನಾ ನಡೆಯುತ್ತೇನೆ' ಎನ್ನುವ ಬದಲು, 'ಮೊಮ್ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿದ ಮೇಲೆ ಮನೆಗೆ ಬರುವಾಗ ಫೈವ್ ಗಾರ್ಡನ್ಸ್ ಪಾರ್ಕು ಸುತ್ತಿ ಬರುತ್ತೇನೆ' ಅನ್ನಿ. ಮೊದಲನೆಯದಕ್ಕೆ ನೀವು ದಿನಾ ಮನಸ್ಸು ಮಾಡಬೇಕು. ಎರಡನೆಯದಕ್ಕೆ ಬಸ್ಸು ಬಂದರೆ ಸಾಕು.

ಇಲ್ಲಿ ನಮ್ಮೂರಿನ ಒಂದು ವಿಷಯ ಹೇಳಲೇಬೇಕು. ಇಲ್ಲಿರುವ ಅನೇಕರಿಗೆ ಪಿಗ್ಮಿ ಗೊತ್ತು. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಒಂದು ಬ್ಯಾಂಕು ಶುರು ಮಾಡಿದರು. ಆಗ ಕೈಮಗ್ಗದ ನೇಕಾರರು ಬಹಳ ಕಷ್ಟದಲ್ಲಿದ್ದರು, ಅವರಿಗೆ ಆಸರೆಯಾಗಬೇಕೆಂಬುದು ಉದ್ದೇಶ. ಮೂರು ವರ್ಷದ ನಂತರ, 1928ರಲ್ಲಿ, ಅದೇ ಬ್ಯಾಂಕು ಪಿಗ್ಮಿ ಡೆಪಾಸಿಟ್ ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ಅದನ್ನು ಕಟ್ಟಲು ನೀವು ಬ್ಯಾಂಕಿಗೆ ಹೋಗಬೇಕಿಲ್ಲ, ಬ್ಯಾಂಕಿನವರೇ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬರುತ್ತಾರೆ. ಆ ಬ್ಯಾಂಕೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋದದ್ದು.

ನನ್ನ ಅಜ್ಜಿ ಉಡುಪಿ ಹತ್ತಿರದ ಶಂಕರಪುರದ ಕಡೆಯವರು. ಮನೆ ಅಂಗಳದಲ್ಲಿ ಮಲ್ಲಿಗೆ ಗಿಡ. ಬೆಳಗ್ಗೆ ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ನಾಲ್ಕು ಚೆಂಡಿಗೆ ಒಂದು ಅಟ್ಟೆಯ ಲೆಕ್ಕದಲ್ಲಿ ಹೂವಿನ ವ್ಯಾಪಾರದ ಕಟ್ಟೆಗೆ ಕಳಿಸಬೇಕು. ಹೂವಿನ ದುಡ್ಡು ಕೈಗೆ ಬಂದ ಹೊತ್ತಿಗೆ ಸರಿಯಾಗಿ ಪಿಗ್ಮಿಯವರ ಸೈಕಲ್ ಬೆಲ್ ಕೇಳುತ್ತಿತ್ತು. ಅಜ್ಜಿ ಸೆರಗಿನ ಗಂಟು ಬಿಚ್ಚಿ ನಾಣ್ಯ ಕೊಡುತ್ತಿದ್ದರು, ಅವರು ಜಗಲಿಯ ತುದಿಯಲ್ಲಿ ಕೂತು ಕಾರ್ಡಿನಲ್ಲಿ ತಾರೀಖು, ಮೊತ್ತ ಬರೆದು ಸಹಿ ಹಾಕುತ್ತಿದ್ದರು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಆದರೂ ಕಾರ್ಡನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿ, ತಲೆಯಾಡಿಸಿ, ದೇವರ ಫೋಟೋದ ಹಿಂದೆ ಸಿಕ್ಕಿಸುತ್ತಿದ್ದರು. ಮಳೆಗೆ ಹೂವು ಹಾಳಾದ ದಿನ ಕೈಯಲ್ಲಿ ಕಾಸಿಲ್ಲ. ಆಗ ಪಿಗ್ಮಿಯವರು, "ಅಡ್ಡಿಯಿಲ್ಲ ಅಮ್ಮ, ನಾಳೆ ನೋಡುವ" ಎಂದು ಒಂದು ಲೋಟ ನೀರು ಕುಡಿದು ಹೋಗುತ್ತಿದ್ದರು. ಒಂದು ದಿನ ತಪ್ಪಿತು ಎಂದು ಕಾರ್ಡು ಹರಿದವರಲ್ಲ. ಆ ದುಡ್ಡಿನಲ್ಲಿ ನನ್ನ ಅಮ್ಮನ ಕಿವಿಯೋಲೆ ಆಯಿತು, ಚಿಕ್ಕಮ್ಮನ ಶಾಲೆಯ ಫೀಸು ಆಯಿತು.

ಇಷ್ಟು ವಿವರವಾಗಿ ಏಕೆ ಹೇಳಿದೆನೆಂದರೆ, ಉಳಿತಾಯ ಮಾಡಬೇಕೆಂಬ ಆಸೆ ಯಾರಿಗೆ ಇರುವುದಿಲ್ಲ? ಆ ಆಸೆಯನ್ನು ನಡೆಸಿದ್ದು ಹೊತ್ತಿಗೆ ಸರಿಯಾಗಿ ಬರುವ ಆ ಮನುಷ್ಯ. ನಿಮ್ಮ ಸಂಕಲ್ಪಕ್ಕೂ ಹಾಗೊಬ್ಬರು ಬೇಕು, ಬಾಗಿಲು ತಟ್ಟುವವರು ಇಲ್ಲವೇ ನೀವು ಬರುತ್ತೀರೆಂದು ಕಾಯುವವರು.

ಒಂದು ದಿನ ತಪ್ಪಿದರೆ ಏನು ಎಂಬುದನ್ನೂ ಪರೀಕ್ಷೆ ಮಾಡಿದವರಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಸೇರಿಸಿಕೊಂಡು, ಊಟದ ಜೊತೆ ಒಂದು ಹಣ್ಣು, ಒಂದು ಲೋಟ ನೀರು, ಇಂಥ ಸಣ್ಣ ಅಭ್ಯಾಸ ಗಟ್ಟಿಯಾಗಲು ಎಷ್ಟು ದಿನ ಹಿಡಿಯುತ್ತದೆ ಎಂದು ನೋಡಿದರು. ಸರಾಸರಿ 66 ದಿನ. ಆದರೆ ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾಗುವ ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಂಥ ನಷ್ಟವೇನೂ ಆಗಲಿಲ್ಲ. ಜನವರಿ ಒಂದರಿಂದ 66 ದಿನ ಎಣಿಸಿದರೆ ಮಾರ್ಚ್ ಮೊದಲ ವಾರ ಬರುತ್ತದೆ. ನಾವು ಸಂಕ್ರಾಂತಿಗೇ ಕೈಚೆಲ್ಲಿ ಕೂರುತ್ತೇವೆ, 'ನನ್ನ ಕೈಲಿ ಆಗುವುದಲ್ಲ' ಎಂದು. ಯುಗಾದಿಯವರೆಗಾದರೂ ಸಮಯ ಕೊಟ್ಟುಕೊಳ್ಳಿ.

ಇಲ್ಲಿಂದ ಒಳ್ಳೆಯತನದ ವಿಷಯಕ್ಕೆ ಬರುತ್ತೇನೆ. ನಮ್ಮ ಸಂಕಲ್ಪಗಳೆಲ್ಲ ಹೆಚ್ಚಾಗಿ ನಮ್ಮ ಬಗ್ಗೆಯೇ ಇರುತ್ತವೆ. ನನ್ನ ತೂಕ, ನನ್ನ ಓದು, ನನ್ನ ನಿದ್ದೆ. ಅವೂ ಬೇಕು. ಆದರೆ ಸಂಕಲ್ಪದ ಇನ್ನೊಂದು ತುದಿಯಲ್ಲಿ ಬೇರೊಬ್ಬರು ನಿಂತಿದ್ದರೆ ಅದನ್ನು ಬಿಡುವುದು ಅಷ್ಟು ಸುಲಭವಲ್ಲ. ಇದನ್ನು ನಾನು ಕಲಿತದ್ದು ಮುಂಬಯಿಯ ರಾತ್ರಿ ಶಾಲೆಯಲ್ಲಿ.

ಕಿರಿಯರಿಗೆ ಗೊತ್ತಿರಲಿಕ್ಕಿಲ್ಲ, ಸ್ವಲ್ಪ ಹೇಳುತ್ತೇನೆ. ಕರಾವಳಿಯಿಂದ ಬಂದ ಹುಡುಗರು ಇಲ್ಲಿ ಹೋಟೆಲುಗಳಲ್ಲಿ ಕ್ಲೀನರ್ ಆಗಿ, ಮಾಣಿಯಾಗಿ ಸೇರುತ್ತಿದ್ದರು. ಅಲ್ಲೇ ಊಟ, ಅಲ್ಲೇ ಟೇಬಲ್ ಜೋಡಿಸಿ ಮಲಗುವುದು. ಅವರು ಓದಲಿ ಎಂದು ಇಲ್ಲಿಯ ಕನ್ನಡ ಸಂಘ ಸಂಸ್ಥೆಗಳು ರಾತ್ರಿ ಶಾಲೆಗಳನ್ನು ಕಟ್ಟಿದವು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಈ ಕೆಲಸಕ್ಕೆ ಮುಂದಾದವು. ಹಗಲು ತಟ್ಟೆ ತೊಳೆದು ರಾತ್ರಿ ಓದಿದವರು ವಕೀಲರಾದರು, ಆಡಿಟರ್‌ಗಳಾದರು, ಬ್ಯಾಂಕಿನಲ್ಲಿ ನನಗೆ ಮೇಲಧಿಕಾರಿಗಳೂ ಆದರು. ಶಾಲೆ ಕಟ್ಟಿದವರ ಹೆಸರು ಕಲ್ಲಿನಲ್ಲಿ ಕೆತ್ತಿದೆ, ಕೆತ್ತಬೇಕಾದದ್ದೇ. ನಾನು ಹೇಳಹೊರಟಿರುವುದು ಕಲ್ಲಿನಲ್ಲಿ ಹೆಸರಿಲ್ಲದ ಒಬ್ಬರ ಕತೆ.

ಬ್ಯಾಂಕು ಮುಗಿಸಿ ನಾನು ಫೋರ್ಟ್‌ನ ಒಂದು ರಾತ್ರಿ ಶಾಲೆಯಲ್ಲಿ ಗಣಿತ ಹೇಳಿಕೊಡಲು ಹೋಗುತ್ತಿದ್ದೆ. ಹೋಗುವ ಮೊದಲು ಹತ್ತಿರದ ಹೋಟೆಲಿನಲ್ಲಿ ಚಹಾ. ನನ್ನ ಹತ್ತನೇ ಕ್ಲಾಸಿನ ಹುಡುಗನೊಬ್ಬ ಅಲ್ಲೇ ಮಾಣಿ. ಸಂಜೆ ಆರೂವರೆ ಎಂದರೆ ಆಫೀಸು ಬಿಟ್ಟ ಜನ ನುಗ್ಗುವ ಹೊತ್ತು, ಒಂದು ಟೇಬಲ್ ಖಾಲಿಯಿಲ್ಲ. ಗೋಡೆ ಗಡಿಯಾರ ಆರೂವರೆ ತೋರಿಸಿದ ಕೂಡಲೇ ಕುಂದಾಪುರದ ಕಡೆಯ ಒಬ್ಬ ಹಿರಿಯ ವೇಟರ್ ಆ ಹುಡುಗನ ಹತ್ತಿರ ಬಂದು, ಅವನ ಹೆಗಲಿನ ಮೇಲಿದ್ದ ಒರೆಸುವ ಬಟ್ಟೆಯನ್ನು ತೆಗೆದು ತನ್ನ ಇನ್ನೊಂದು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. "ಹ್ವಾಯ್, ಹೊತ್ತಾಯ್ತ್ ಕಾಣ್, ನೀ ಹೋಗ್." ಅಷ್ಟೇ ಮಾತು. ಎರಡು ಹೆಗಲಿಗೆ ಎರಡು ಬಟ್ಟೆ ಹಾಕಿಕೊಂಡು ಎರಡು ಪಾಲಿನ ಟೇಬಲ್ ನೋಡಿಕೊಳ್ಳುತ್ತಿದ್ದರು. ಆ ಟೇಬಲ್‌ಗಳ ಟಿಪ್ಸ್ ಅವರಿಗೆ ಸಿಗುತ್ತಿತ್ತು, ನಿಜ. ಆದರೆ ಆ ಹೊತ್ತಿನಲ್ಲಿ ಇನ್ನಷ್ಟು ಟೇಬಲ್ ಓಡಾಡುವುದು ಎಂದರೇನು ಎಂಬುದು ಹೋಟೆಲಿನಲ್ಲಿ ದುಡಿದವರಿಗೆ ಗೊತ್ತು. ಗಲ್ಲಾದಲ್ಲಿ ಕೂತ ಮ್ಯಾನೇಜರ್ ಇದನ್ನು ನೋಡಿಯೂ ನೋಡದಂತೆ ಬಿಲ್ಲು ಬರೆಯುತ್ತಿದ್ದರು. ಅದೂ ಒಂದು ಉಪಕಾರವೇ.

ಅವರು ಆ ಹುಡುಗನಿಗೆ ಸಂಬಂಧಿಕರಲ್ಲ, ಊರಿನವರೂ ಅಲ್ಲ. ಒಮ್ಮೆ ನಾನೇ ಕೇಳಿದೆ. "ನಾನ್ ನಾಕ್ನೇ ಕ್ಲಾಸಿಗೆ ಬಿಟ್ಟವ, ಅಕ್ಕ" ಎಂದು ಹೇಳಿ ಚಹಾದ ಲೋಟ ಎತ್ತಿಕೊಂಡು ಹೋದರು. ಹುಡುಗ ಪಾಸಾದ. ಪಾಸಾದವನ ಹೆಸರು ಶಾಲೆಯ ಬೋರ್ಡಿನಲ್ಲಿ ಬಂತು, ನಾವು ಮೇಷ್ಟ್ರುಗಳೂ ಹೂವಿನ ಹಾರ ಹಾಕಿಸಿಕೊಂಡೆವು. ಹತ್ತನೇ ಕ್ಲಾಸು ಪಾಸು ಮಾಡಿಸಿದ್ದು ನನ್ನ ಬೀಜಗಣಿತ ಎಷ್ಟೋ, ಆ ಆರೂವರೆಯ ಬಟ್ಟೆಯೂ ಅಷ್ಟೇ. ಒಂದು ಹೊತ್ತು, ಒಂದು ಜಾಗ, ಒಬ್ಬ ಹುಡುಗ. ಅದಕ್ಕಿಂತ ಚೊಕ್ಕವಾದ ಸಂಕಲ್ಪವನ್ನು ನಾನು ನೋಡಿಲ್ಲ. ಅವರು ಅದನ್ನು ಸಂಕಲ್ಪ ಎಂದು ಕರೆಯಲಿಲ್ಲ ಅಷ್ಟೇ.

ಈ ಊರಿನಲ್ಲಿ ಇಂಥದ್ದು ಬೇಕಾದಷ್ಟಿದೆ, ಕಣ್ಣಿಗೆ ಬೀಳುವುದಿಲ್ಲ. ಡೊಂಬಿವಲಿಯಿಂದ ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ಬರುವವರನ್ನು ಕೇಳಿ. ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ತುದಿ ಬಿಡುತ್ತಾರೆ. ಮೊದಲಿನಿಂದ ಕೂತು ಬಂದವರು ಘಾಟ್ಕೋಪರ್ ಬಂತು ಎನ್ನುವಾಗ ತಾವಾಗಿ ಎದ್ದು, ಅಷ್ಟು ಹೊತ್ತು ನಿಂತಿದ್ದ ಗೆಳತಿಯನ್ನು ಕೂರಿಸುತ್ತಾರೆ. ಉಳಿದ ದಾರಿಗೆ ತಾವು ನಿಲ್ಲುತ್ತಾರೆ. ಬಸುರಿ ಹೆಂಗಸು ಹತ್ತಿದರೆ ಬಾಗಿಲ ಬಳಿಯಿಂದ ಒಳಗಿನವರೆಗೂ ದಾರಿಯಾಗುತ್ತದೆ. ಜಗಳವೂ ಅಲ್ಲೇ ಆಗುತ್ತದೆ, ಜಡೆ ಜಗ್ಗುವಷ್ಟು ಆಗುತ್ತದೆ. ಅದನ್ನು ಎಲ್ಲರೂ ಮನೆಗೆ ಬಂದು ವಿಸ್ತಾರವಾಗಿ ಹೇಳುತ್ತಾರೆ. ಎದ್ದು ಕೂರಿಸಿದ್ದನ್ನು ಯಾರೂ ಹೇಳುವುದಿಲ್ಲ, ಅದು ಹೇಳುವಂಥದ್ದು ಎಂದೇ ಅವರಿಗೆ ಅನ್ನಿಸುವುದಿಲ್ಲ.

2005ರ ಜುಲೈ 26 ನೆನಪಿರುವವರು ಇಲ್ಲಿ ಬಹಳ ಜನ ಇದ್ದೀರಿ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ರೈಲು ನಿಂತು, ಜನ ಎದೆಮಟ್ಟದ ನೀರಿನಲ್ಲಿ ನಡೆದರು. ಚಾಳಿನ ಜನ ರಸ್ತೆಗೆ ಬಂದು ಬಿಸ್ಕತ್ತು, ಚಹಾ, ಕುಡಿಯುವ ನೀರು ಕೊಟ್ಟರು, ಗುರುತಿಲ್ಲದವರನ್ನು ಮನೆಯೊಳಗೆ ಮಲಗಿಸಿಕೊಂಡರು, ಜಾತಿ, ಧರ್ಮ, ಹೆಸರು ಏನನ್ನೂ ಕೇಳಲಿಲ್ಲ. ಅವತ್ತಿನಿಂದ ಮುಂಬಯಿಯ ಮನಸ್ಸು ದೊಡ್ಡದು ಎಂದು ನಾವು ಹೇಳಿಕೊಂಡು ಬಂದಿದ್ದೇವೆ. ದೊಡ್ಡದು, ಹೌದು. ಆದರೆ ನನಗೆ ಒಂದು ತಕರಾರಿದೆ. ನೀರು ಏರಿದಾಗ ಬಾಗಿಲು ತೆರೆದ ನಾವೇ, ಮಾಮೂಲಿ ಮಂಗಳವಾರದಂದು ಎದುರು ಫ್ಲ್ಯಾಟಿನ ಒಂಟಿ ಅಜ್ಜ ಎರಡು ದಿನದಿಂದ ಪೇಪರು ಎತ್ತಿಕೊಳ್ಳಲಿಲ್ಲ ಎಂಬುದನ್ನು ಗಮನಿಸುವುದಿಲ್ಲ. ಬೆವರು ಸುರಿಸಿಕೊಂಡು ಬಂದ ಡೆಲಿವರಿ ಹುಡುಗ ಲಿಫ್ಟು ಬಳಸಬಾರದು ಎಂದು ಬೋರ್ಡು ಹಾಕುವ ಸೊಸೈಟಿಗಳೂ ಇದೇ ಊರಿನಲ್ಲಿವೆ. ವಿಪತ್ತಿನ ದಿನದ ಒಳ್ಳೆಯತನಕ್ಕೆ ಸುತ್ತಲಿನವರ ಹುರುಪು ಸೇರಿಕೊಳ್ಳುತ್ತದೆ. ಮಂಗಳವಾರಕ್ಕೆ ಅದು ಸಿಗುವುದಿಲ್ಲ. ಅದಕ್ಕೇ ಮಂಗಳವಾರಕ್ಕೆ ಸಂಕಲ್ಪ ಬೇಕು. ನಿಮ್ಮ ಸೊಸೈಟಿಯಲ್ಲಿ ಅಂಥ ಬೋರ್ಡಿದ್ದರೆ ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತು ಅದನ್ನು ತೆಗೆಯಿರಿ ಎನ್ನುವುದನ್ನೇ ಈ ವರ್ಷದ ಸಂಕಲ್ಪ ಮಾಡಿಕೊಳ್ಳಿ. ಇದೊಂದು ಮಾತ್ರ ಸದ್ದು ಮಾಡಿಯೇ ಮಾಡಬೇಕಾದ್ದು.

ಉಳಿದದ್ದು ಸದ್ದಿಲ್ಲದೆ ಇರಲಿ ಎಂದು ನಾನು ಹಠದಿಂದ ಹೇಳುತ್ತೇನೆ. ಈಗ ಒಂದು ಕಂಬಳಿ ಕೊಟ್ಟರೂ ಫೋಟೋ ಆಗುತ್ತದೆ. ತೆಗೆದುಕೊಳ್ಳುವವರು ಕ್ಯಾಮೆರಾ ಕಡೆ ಮುಖ ಮಾಡಿ ನಗಬೇಕು. ಕಂಬಳಿ ಸಿಕ್ಕಿತು ಎನ್ನಿ, ಆದರೆ ಆ ಫೋಟೋವನ್ನು ಅವರ ಮಗಳು ತನ್ನ ಕಾಲೇಜಿನ ಗೆಳತಿಯರ ಮೊಬೈಲಿನಲ್ಲಿ ನೋಡಿದರೆ? ಕೊಟ್ಟದ್ದು ನೂರು ರೂಪಾಯಿಯದ್ದಾದರೂ ತೆಗೆದುಕೊಂಡವರ ಮಾನಕ್ಕೆ ಧಕ್ಕೆ ಬರಬಾರದು. ನಮ್ಮ ಹಿಂದಿನವರಲ್ಲಿ, ನೆರೆಮನೆಯಲ್ಲಿ ಅಡುಗೆಯಾಗಿಲ್ಲ ಎಂದು ಗೊತ್ತಾದರೆ, "ಪತ್ರೊಡೆ ಸ್ವಲ್ಪ ಜಾಸ್ತಿಯಾಯಿತು ಮಾರಾಯ್ತಿ, ಹಾಳಾಗುತ್ತದೆ, ನೀನು ತೆಗೆದುಕೊಂಡರೆ ಉಪಕಾರ" ಎಂದು ಕೊಟ್ಟು ಬರುವ ಹೆಂಗಸರಿದ್ದರು. ಉಪಕಾರ ಮಾಡಿದ್ದು ಯಾರು, ಪಡೆದದ್ದು ಯಾರು ಎಂಬುದನ್ನೇ ತಿರುಗಿಸಿಬಿಡುತ್ತಿದ್ದರು. ಅದು ಸಣ್ಣ ವಿದ್ಯೆಯಲ್ಲ.

ಆದರೆ ಸದ್ದಿಲ್ಲದಿರುವುದು ಬೇರೆ, ಹಿಂಜರಿಯುವುದು ಬೇರೆ. ನಮ್ಮಲ್ಲಿ ಬಹಳ ಜನರಿಗೆ ಮನಸ್ಸಿದೆ, ಸಂಕೋಚ ಬಿಡುವುದಿಲ್ಲ. 'ಅವರು ಏನಂದುಕೊಳ್ಳುತ್ತಾರೋ, ಇಷ್ಟು ಸಣ್ಣದು ಕೊಟ್ಟರೆ ಏನು ಚೆಂದ!' ಅಮಿತ್ ಕುಮಾರ್, ನಿಕೋಲಸ್ ಎಪ್ಲಿ ಎಂಬ ಇಬ್ಬರು ಸಂಶೋಧಕರು ಇದನ್ನು ಶಿಕಾಗೋದಲ್ಲಿ ನೋಡಿದರು. ಚಳಿಗಾಲ, ಮಂಜುಗಡ್ಡೆಯ ಮೇಲೆ ಜಾರಾಡುವ ಮೈದಾನ. ಕೆಲವರಿಗೆ ಬಿಸಿ ಚಾಕೊಲೇಟಿನ ಒಂದು ಲೋಟ ಕೊಟ್ಟು, ಇದನ್ನು ಇಲ್ಲಿ ಯಾರಿಗಾದರೂ ಅಪರಿಚಿತರಿಗೆ ಕೊಡುತ್ತೀರಾ ಎಂದು ಕೇಳಿದರು. ಕೊಟ್ಟವರು, ಪಡೆದವರಿಗೆ ಇಷ್ಟು ಸಂತೋಷವಾಗಿರಬಹುದು ಎಂದು ಅಂದಾಜು ಮಾಡಿದರು. ಪಡೆದವರಿಗೆ ನಿಜಕ್ಕೂ ಆದ ಸಂತೋಷ ಅದಕ್ಕಿಂತ ಜಾಸ್ತಿಯಿತ್ತು. ಕೊಡುವವರು ಲೋಟದ ಬೆಲೆ ನೋಡುತ್ತಾರೆ, ಪಡೆಯುವವರು ಮನಸ್ಸಿನ ಬಿಸಿ ನೋಡುತ್ತಾರೆ. 2022ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿಯೂ ಇಂಥದ್ದೇ ಫಲ. ಬಹಳ ದಿನದಿಂದ ಮಾತಿಲ್ಲದ ಪರಿಚಯದವರಿಗೆ ಸುಮ್ಮನೆ 'ಹೇಗಿದ್ದೀರಿ' ಎಂದು ಒಂದು ಸುದ್ದಿ ಕಳಿಸಿದರೆ ಅವರಿಗೆ ಆಗುವ ಖುಷಿ, ಕಳಿಸಿದವರು ಅಂದುಕೊಂಡದ್ದಕ್ಕಿಂತ ಹೆಚ್ಚು.

ನಾನು ಬ್ಯಾಂಕು ಬಿಟ್ಟ ಮೇಲೆ ಭಾನುವಾರ ಹನ್ನೊಂದು ಗಂಟೆಗೆ, ಇಡ್ಲಿಯ ಪಾತ್ರೆ ತೊಳೆದಿಟ್ಟ ಮೇಲೆ, ಒಬ್ಬರಿಗೆ ಫೋನು ಮಾಡುತ್ತೇನೆ. ಹಳೆಯ ಸಹೋದ್ಯೋಗಿ, ಊರಲ್ಲಿರುವ ಅತ್ತಿಗೆ, ರಾತ್ರಿ ಶಾಲೆಯ ಹಳೆ ವಿದ್ಯಾರ್ಥಿ, ಹೀಗೆ ವಾರಕ್ಕೊಬ್ಬರು. ವಾಟ್ಸಾಪಿನಲ್ಲಿ ಗುಲಾಬಿ ಹೂವು ಕಳಿಸುವುದಲ್ಲ, ಫೋನೇ. ಕೆಲಸವೇನೂ ಇಲ್ಲ, ನೆನಪಾಯಿತು ಎಂದರೆ ಆ ಕಡೆಯಿಂದ ಒಂದು ಕ್ಷಣ ಮಾತೇ ಬರುವುದಿಲ್ಲ. ನಮ್ಮಲ್ಲಿ ಈಗ ಫೋನು ಬಂದರೆ ಕೆಟ್ಟ ಸುದ್ದಿಯೇ ಇರಬೇಕು ಎಂದಾಗಿದೆ.

ಒಂದು ಮಾತು ಇಲ್ಲಿರುವ ಗಂಡಸರಿಗೆ ಹೇಳಬೇಕು. ಸಣ್ಣ ಸಂಕಲ್ಪ, ಪರೋಪಕಾರ ಎಂದೆಲ್ಲ ನಾನು ಹೇಳಿದ್ದನ್ನು ಕೇಳಿ ನಿಮ್ಮ ಮನೆಯಾಕೆಯ ಕಡೆ ನೋಡಬೇಡಿ. ಅವಳು ಬೆಳಗ್ಗೆ ನಳ್ಳಿ ನೀರು ಬರುವ ಹೊತ್ತಿಗೆ ಎದ್ದು, ಎಲ್ಲರ ಡಬ್ಬ ಕಟ್ಟಿ, ಅತ್ತೆಯ ಮಾತ್ರೆ ಎತ್ತಿಟ್ಟು ಆಮೇಲೆ 8.12ರ ಲೋಕಲ್ ಹಿಡಿಯುವವಳು. ಅವಳ ಪಟ್ಟಿಗೆ ಇನ್ನೊಂದು ಸೇವೆ ಸೇರಿಸುವುದು ಧರ್ಮವಲ್ಲ. ಅವಳ ಸಂಕಲ್ಪ, ಸಂಜೆ ಬಂದ ಕೂಡಲೇ ಹತ್ತು ನಿಮಿಷ ಕಾಲು ಚಾಚಿ ಕೂರುವುದು ಆಗಿರಲಿ. ನಿಮ್ಮ ಸಂಕಲ್ಪ, ಆ ಹತ್ತು ನಿಮಿಷ ಅಡುಗೆಮನೆಗೆ ನೀವು ಹೋಗುವುದು. ಹೊತ್ತು ಇದೆ, ಜಾಗ ಇದೆ, ಮನುಷ್ಯರು ಇದ್ದಾರೆ, ಮೂರೂ ಸರಿಹೋಯಿತು. ಮನೆಗೆಲಸಕ್ಕೆ ಬರುವ ಮಾವ್ಶಿಯ ವಿಷಯವೂ ಅಷ್ಟೇ. ವಾರಕ್ಕೊಂದು ರಜೆ, ಅದಕ್ಕೆ ಸಂಬಳ ಹಿಡಿಯುವುದಿಲ್ಲ ಎಂದು ಈ ತಿಂಗಳಿನಿಂದಲೇ ಹೇಳಿಬಿಡಿ. ಅದನ್ನು ದಾನ ಎನ್ನಲೂ ಬಾರದು.

ಕೊನೆಗೆ, ಹತ್ತಿರ ಬಂದಿರುವ ಒಂದು ಸಂದರ್ಭ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಈ ಊರಿನಲ್ಲಿ ಮನೆಮನೆಯಲ್ಲೂ ಹಳದಿ-ಕುಂಕುಮ, ಅಂದರೆ ನಮ್ಮ ಅರಿಶಿನ-ಕುಂಕುಮ. ನಮ್ಮವರೂ ಮರಾಠಿ ನೆರೆಯವರಿಂದ ಕಲಿತು ಮಾಡುತ್ತಾರೆ. 'ತಿಳಗುಳ ಘ್ಯಾ, ಗೋಡ ಗೋಡ ಬೋಲಾ' (ಎಳ್ಳು-ಬೆಲ್ಲ ತೆಗೆದುಕೊಳ್ಳಿ, ಸಿಹಿಯಾಗಿ ಮಾತಾಡಿ) ಎಂದು ಎಳ್ಳುಂಡೆ ಕೊಟ್ಟು, ಜೊತೆಗೆ ವಾಣ ಎಂದು ಸ್ಟೀಲಿನ ಬಟ್ಟಲೋ ಡಬ್ಬಿಯೋ ಕೊಡುತ್ತಾರೆ. ಆ ಸಂಜೆ ಮಹಡಿಯ ಬಾಗಿಲುಗಳೆಲ್ಲ ತೆರೆದಿರುತ್ತವೆ, ಹೆಂಗಸರು ಒಳ್ಳೆಯ ಸೀರೆ ಉಟ್ಟು ಮನೆಯಿಂದ ಮನೆಗೆ ಓಡಾಡುತ್ತಾರೆ. ಒಂದು ಬಾಗಿಲು ಮಾತ್ರ ಮುಚ್ಚಿರುತ್ತದೆ. ಗಂಡನನ್ನು ಕಳೆದುಕೊಂಡವಳ ಮನೆಯದ್ದು. ಅವಳಿಗೆ ಟಿವಿ ಸದ್ದು ಜೋರು ಮಾಡಿ ಕೂರುವುದೊಂದೇ ದಾರಿ. ನಿಮ್ಮ ಮಹಡಿಯಲ್ಲೂ ಇರಬಹುದು.

ಮೊನ್ನೆ ಜನವರಿ 3 ಸಾವಿತ್ರಿಬಾಯಿ ಫುಲೆಯವರು ಹುಟ್ಟಿದ ದಿನ, 1831. ಪುಣೆಯಲ್ಲಿ 1848ರಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು ಎಂದು ಎಲ್ಲರಿಗೂ ಗೊತ್ತು. ಶಾಲೆಗೆ ಹೋಗುವ ದಾರಿಯಲ್ಲಿ ಜನ ಸಗಣಿ ಎರಚುತ್ತಿದ್ದರು, ಅದಕ್ಕೇ ಅವರು ಇನ್ನೊಂದು ಸೀರೆ ಜೊತೆಗೆ ಒಯ್ಯುತ್ತಿದ್ದರು ಎಂದು ಹೇಳುತ್ತಾರೆ. ಎಂಥ ದೊಡ್ಡ ಕೆಲಸಕ್ಕೂ ದಿನದಿನದ ಪಾಲು ಅಷ್ಟೇ ಇರುತ್ತದೆ ನೋಡಿ, ಚೀಲಕ್ಕೆ ಒಂದು ಸೀರೆ ಹಾಕಿಕೊಳ್ಳುವುದು. ಅವರೂ ಅವರ ಪತಿ ಜೋತಿಬಾ ಅವರೂ 1863ರಲ್ಲಿ ದಿಕ್ಕಿಲ್ಲದ ಬಸುರಿ ವಿಧವೆಯರಿಗೆ ತಮ್ಮಲ್ಲಿ ಆಸರೆ ಕೊಟ್ಟರು. ಇಷ್ಟಾದ ಮೇಲೂ, ಒಂದೂವರೆ ಶತಮಾನ ಕಳೆದು, 2022ರ ಮೇ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆಯ ಹೆರವಾಡ ಎಂಬ ಹಳ್ಳಿ, ಗಂಡ ಸತ್ತಾಗ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ಮಂಗಳಸೂತ್ರ ತೆಗೆಯುವುದು ಇನ್ನು ಬೇಡ ಎಂದು ಗ್ರಾಮ ಪಂಚಾಯಿತಿಯಲ್ಲಿ ಠರಾವು ಮಾಡಬೇಕಾಯಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಊರುಗಳೂ ಇದನ್ನು ಅನುಸರಿಸಲಿ ಎಂದು ಸುತ್ತೋಲೆ ಹೊರಡಿಸಿತು. ಒಂದು ಹಳ್ಳಿ ಕೈಯೆತ್ತಿ ಮಾಡಿದ್ದನ್ನು ನಮ್ಮ ಒಂದು ಮಹಡಿಯ ಮಟ್ಟಿಗೆ ನಾವು ಮಾಡಲಾರೆವೇ?

ಹೇಗೆ ಕರೆಯಬೇಕು ಎಂಬುದೂ ಮುಖ್ಯ. ಎಲ್ಲರೂ ಕೂತ ಮೇಲೆ ಮಕ್ಕಳ ಕೈಯಲ್ಲಿ ಹೇಳಿ ಕಳಿಸಬೇಡಿ. 'ಪಾಪ, ಅವಳನ್ನೂ ಕರೆದೆ' ಎಂದು ಬಂದವರ ಕಿವಿಯಲ್ಲಿ ಹೇಳಬೇಡಿ. ಹಿಂದಿನ ದಿನವೇ ನೀವೇ ಹೋಗಿ, "ನಾಳೆ ಐದು ಗಂಟೆಗೆ ಬಾ, ಎಳ್ಳುಂಡೆ ಕಟ್ಟಲು ನನಗೆ ಕೈ ಬೇಕು" ಅನ್ನಿ. ಅವಳು ಬೇರೆಯವರಿಗಿಂತ ಮೊದಲೇ ಮನೆಯಲ್ಲಿದ್ದರೆ ಬಂದವರ ಎದುರು ಬಾಗಿಲಲ್ಲಿ ನಿಂತು ಸಂಕೋಚ ಪಡುವ ಪ್ರಮೇಯವೇ ಬರುವುದಿಲ್ಲ. ಕುಂಕುಮದ ಬಟ್ಟಲನ್ನು ಎಲ್ಲರಿಗೂ ಹಿಡಿದಂತೆ ಅವಳಿಗೂ ಹಿಡಿಯಿರಿ. ಹಚ್ಚಿಕೊಂಡರೆ ಸಂತೋಷ, ಬೇಡ ಎಂದರೆ ಬಲವಂತ ಬೇಡ, ಅವಳ ಇಷ್ಟ ಅವಳದು. ಎಳ್ಳುಂಡೆ, ವಾಣ, ಹೂವು ಎಲ್ಲರಿಗೂ ಒಂದೇ ತರಹ ಇರಲಿ. ಯಾರಾದರೂ ಹಿರಿಯರು ಮುಖ ಸಿಂಡರಿಸಿದರೆ ಅವರಿಗೂ ಒಂದು ಲೋಟ ಕಾಫಿ ಕೊಟ್ಟು ಅವಳ ಪಕ್ಕದಲ್ಲಿಯೇ ಕೂರಿಸಿ. ಬೇಡ ಎಂದು ಅವಳು ಈ ವರ್ಷ ಬರದಿದ್ದರೆ ಎಳ್ಳುಂಡೆಯನ್ನು ಅವಳ ಮನೆಗೆ ಒಯ್ದು, ಕೂತು ತಿಂದು ಬನ್ನಿ. ಮುಂದಿನ ವರ್ಷ ಮತ್ತೆ ಕರೆಯಿರಿ.

ಎಳ್ಳು, ಬೆಲ್ಲ ತರಲು ಈ ವಾರ ಹೇಗೂ ಮಾರ್ಕೆಟ್ಟಿಗೆ ಹೋಗುತ್ತೀರಿ. ವಾಣಕ್ಕೆ ಬಟ್ಟಲು ಕೊಳ್ಳುವಾಗ ಅವಳ ಹೆಸರಿನದ್ದನ್ನೂ ಸೇರಿಸಿಯೇ ಎಣಿಸಿ.